ಅಮ್ಮ ಇಲ್ಲ, ಹೋಗೋಕೆ ತವರಿಲ್ಲ. ತುಮಕೂರಲ್ಲೇ ಹೆರಿಗೆ, ಬಾಣಂತನ. ಯಾರ್ಯಾರನ್ನು ಗೊತ್ತು ಮಾಡಿಕೊಳ್ಳಲಿ?

ಬಟವಾಡಿ ಹುಡುಗಿ
ಎಲ್ಲರಿಗೂ ನಮಸ್ಕಾರ. ನನಗೆ ಈಗ 23 ವಾರ, ಚೊಚ್ಚಲು. ಬಟವಾಡಿ ಹತ್ತಿರ ಬಾಡಿಗೆ ಮನೆ. ನಾನು ವಸಂತನರಸಾಪುರದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮವರು ದಿನಾ ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ.

ಅಮ್ಮ ತೀರಿಕೊಂಡು ಎರಡು ವರ್ಷ ಆಯಿತು. ಅಕ್ಕನ ಬಾಣಂತನ ಅಮ್ಮನೇ ಮಾಡಿದ್ದು. ಬಚ್ಚಲಲ್ಲಿ ಹಂಡೆ ಕಾಯುತ್ತಿದ್ದದ್ದು, ಅಮ್ಮ ಸೆರಗು ಸಿಕ್ಕಿಸಿಕೊಂಡು ಅಕ್ಕನ ಬೆನ್ನಿಗೆ ಚೊಂಬು ಚೊಂಬು ಬಿಸಿನೀರು ಸುರಿಯುತ್ತಿದ್ದದ್ದು ಇನ್ನೂ ಕಣ್ಣಲ್ಲಿದೆ. ಈಗ ಅಕ್ಕ ಹುಬ್ಬಳ್ಳಿಯಲ್ಲಿ, ಇಬ್ಬರು ಸಣ್ಣ ಮಕ್ಕಳು. ಅತ್ತೆ ಪಾವಗಡ ಕಡೆ ಹಳ್ಳಿಯಲ್ಲಿದ್ದಾರೆ. ತುಂಬಾ ಒಳ್ಳೆಯವರು, ಆದರೆ ಮಂಡಿನೋವು. ಕೆಳಗೆ ಕೂತರೆ ಏಳುವುದೇ ಕಷ್ಟ.

ಡಾಕ್ಟರ್ ಒಬ್ಬರು ಗೊತ್ತಾಗಿದ್ದಾರೆ. ಉಳಿದದ್ದೆಲ್ಲ ಹೇಗೆ? ನೋವು ಬಂದಾಗ ಪಕ್ಕದಲ್ಲಿ ಯಾರು? ಹಾಲು ಬರದಿದ್ದರೆ ಯಾರನ್ನು ಕೇಳಲಿ? ಮಗುವಿಗೆ ನೀರು ಹಾಕೋರು ಯಾರು? ಬೆಂಗಳೂರಿನ ಗೆಳತಿ ಡೌಲಾ (ಹೆರಿಗೆ ನೋವಿನ ಹೊತ್ತು ಜೊತೆಗಿರುವವರು), ಲ್ಯಾಕ್ಟೇಷನ್ ಕನ್ಸಲ್ಟೆಂಟ್ (ಹಾಲುಣಿಸುವುದು ಹೇಳಿಕೊಡುವವರು), ಬಾಣಂತನದ ಪ್ಯಾಕೇಜ್ ಅಂತ ಏನೇನೋ ಕಳಿಸಿದಳು. ರೇಟು ನೋಡಿ ಗಾಬರಿಯಾಯಿತು. ಇದರಲ್ಲಿ ನಿಜವಾಗಿ ಬೇಕಾಗಿದ್ದು ಯಾವುದು? ನಮ್ಮೂರಲ್ಲಿ ಸಿಗುವುದು ಯಾವುದು?

ತಿಪಟೂರು ಅಕ್ಕ
ಒಳ್ಳೆಯದಾಗಲಿ ಕಣಮ್ಮ. ತಾಯಿ ಕಾರ್ಡ್ ಮಾಡಿಸಿದ್ದೀಯಾ? ಅದೇ, ಬಸುರಿಯರಿಗೆ ಸರ್ಕಾರದಿಂದ ಕೊಡುವ ಕಾರ್ಡ್.

ಬಟವಾಡಿ ಹುಡುಗಿ
ಇಲ್ಲ ಅಕ್ಕ. ಪ್ರೈವೇಟಲ್ಲಿ ತೋರಿಸುತ್ತಿದ್ದೇನಲ್ಲ, ಅದು ಬೇಕಾ?

ಆಶಾ ಕೊರಟಗೆರೆ
ಬೇಕೇ ಬೇಕು. ನಾನು ಆಶಾ ಕಾರ್ಯಕರ್ತೆ, ಈ ಮಾತನ್ನು ವಾರಕ್ಕೆ ಹತ್ತು ಸಲ ಹೇಳುತ್ತೇನೆ. ಡಾಕ್ಟರ್ ಎಲ್ಲಿ ಬೇಕಾದರೂ ಇರಲಿ, ಕಾರ್ಡ್ ಇದ್ದರೆ ನಿಮ್ಮ ಹೆಸರು ನಮ್ಮ ಪಟ್ಟಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ನಾವು 3, 7, 14, 21, 28, 42ನೇ ದಿನ ಹೋಗಬೇಕು, ಒಟ್ಟು ಆರು ಸಲ. ಮಗುವನ್ನು ಜೋಳಿಗೆಗೆ ಹಾಕಿ ತೂಕ ನೋಡುತ್ತೇವೆ. ಮೈ ಬಿಸಿ ಇದೆಯಾ, ಹೊಕ್ಕಳು ಒಣಗುತ್ತಿದೆಯಾ, ಹಾಲು ಸರಿಯಾಗಿ ಚೀಪುತ್ತಿದೆಯಾ ನೋಡುತ್ತೇವೆ. ತಾಯಿಗೆ ಜ್ವರ ಇದೆಯಾ, ರಕ್ತ ಎಷ್ಟು ಹೋಗುತ್ತಿದೆ ಅಂತ ಕೇಳುತ್ತೇವೆ. ಅನುಮಾನ ಬಂದರೆ ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋಗುತ್ತೇವೆ. ಇದಕ್ಕೆ ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ.

ನಾಳೆನೇ ಹತ್ತಿರದ ಅಂಗನವಾಡಿಗೆ ಹೋಗಿ, ನಮ್ಮ ಏರಿಯಾ ಆಶಾ ಯಾರು ಅಂತ ಕೇಳಿ. ಫೋನ್ ನಂಬರ್ ತಗೊಳ್ಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರೇ ಕೂತು ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ. ಒಂದು ಸಲ ಹೋಗಿ ಬನ್ನಿ. ರಾತ್ರಿ ಹೊತ್ತು ಅಲ್ಲಿಗೇ ಓಡಬೇಕಾಗಿ ಬಂದರೆ ದಾರಿ, ಬಾಗಿಲು ಗೊತ್ತಿರಲಿ.

ಎಸ್.ಎಸ್.ಪುರಂ ಅಪ್ಪ
ಹಳ್ಳಿಯಲ್ಲಿ ಸರಿ ಮೇಡಂ. ಟೌನಲ್ಲಿ ಆಶಾ ಬಂದಿದ್ದು ನಾನಂತೂ ನೋಡಿಲ್ಲ. ನಮ್ಮ ಬೀದಿಗೆ ಪೋಲಿಯೋ ಹನಿ ಹಾಕೋಕೆ ಬಿಟ್ಟರೆ ಯಾರೂ ಬರಲಿಲ್ಲ.

ಆಶಾ ಕೊರಟಗೆರೆ
ನಿಮ್ಮ ಮನೆಯಲ್ಲಿ ಕಾರ್ಡ್ ಮಾಡಿಸಿದ್ರಾ ಸರ್? ಟೌನಲ್ಲಿ ಒಬ್ಬೊಬ್ಬರಿಗೆ ಸಾವಿರದಿಂದ ಎರಡೂವರೆ ಸಾವಿರ ಜನ. ಬಾಡಿಗೆ ಮನೆಯವರು ಬರುತ್ತಾರೆ, ಹೋಗುತ್ತಾರೆ. ನೀವು ಹೇಳದಿದ್ದರೆ ಮೂರನೇ ಮಹಡಿಯಲ್ಲಿ ಬಾಣಂತಿ ಇದ್ದಾರೆ ಅಂತ ಗೊತ್ತಾಗೋದು ಹೇಗೆ?

ಎಸ್.ಎಸ್.ಪುರಂ ಅಪ್ಪ
ಮಾಡಿಸಿರಲಿಲ್ಲ. ಒಪ್ಪಿದೆ.

ಮರಳಿ ಗುಬ್ಬಿಗೆ
ನಾನು ಬೆಂಗಳೂರಲ್ಲಿದ್ದಾಗ ಡೌಲಾ ಇಟ್ಟುಕೊಂಡಿದ್ದೆ. ದುಡ್ಡು ಜಾಸ್ತಿಯೇ, ಆದರೆ ನನಗೆ ಬೇಜಾರಿಲ್ಲ. ಹದಿನಾಲ್ಕು ಗಂಟೆ ನೋವು ತಿಂದೆ, ಅಷ್ಟೂ ಹೊತ್ತು ಅವರು ನನ್ನ ಸೊಂಟ ಒತ್ತುತ್ತಾ ಕೂತಿದ್ದರು. ನರ್ಸ್‌ಗಳು ಪಾಳಿ ಬದಲಾಯಿಸಿದರು, ಡಾಕ್ಟರ್ ಬಂದು ಹೋದರು, ಅವರೊಬ್ಬರೇ ಕದಲಲಿಲ್ಲ. ಅಮ್ಮ ಇಲ್ಲದವರಿಗೆ ಇದು ಬೇಕು ಅಂತಲೇ ನಾನು ಹೇಳುವುದು.

ಕುಣಿಗಲ್ ಕೆರೆ
ಡೌಲಾ ಅಂದರೆ ಹೊಸ ಹೆಸರಿನ ಸೂಲಗಿತ್ತಿ ತಾನೇ? ನಮ್ಮ ಅಜ್ಜಿಯರು ಇದನ್ನು ದುಡ್ಡಿಲ್ಲದೆ ಮಾಡುತ್ತಿದ್ದರು.

ಪಾವಗಡದವನು
ಸೂಲಗಿತ್ತಿ ಅಂದರೆ ಅಷ್ಟು ಹಗುರವಾಗಿ ಹೇಳಬೇಡಿ. ನಮ್ಮ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದೂ ಕೈಗೆ ಕಾಸು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆಸ್ಪತ್ರೆ ದೂರ ಇದ್ದ ಕಾಲದಲ್ಲಿ ಹೊಟ್ಟೆ ಮೇಲೆ ಕೈಯಿಟ್ಟು ಮಗು ಹೇಗಿದೆ ಅಂತ ಹೇಳುತ್ತಿದ್ದ ಹೆಂಗಸು. ನಮ್ಮ ಕಡೆ ಅವರ ಹೆಸರು ಹೇಳಿದರೆ ಈಗಲೂ ಜನ ಕೈ ಮುಗಿಯುತ್ತಾರೆ.

ಲೇಬರ್ ವಾರ್ಡ್ ಸಿಸ್ಟರ್
ನರಸಮ್ಮನವರಿಗೆ ನನ್ನದೂ ನಮಸ್ಕಾರ. ಆದರೆ ಇಲ್ಲಿ ಮೂರು ಬೇರೆ ಬೇರೆ ಕೆಲಸ ಒಂದೇ ಗಂಟಿಗೆ ಸೇರಿಕೊಂಡಿವೆ. ಸೂಲಗಿತ್ತಿ ಹೆರಿಗೆ ಮಾಡಿಸುವವರು. ಡೌಲಾ ಜೊತೆಗಾರ್ತಿ: ಸೊಂಟ ಒತ್ತುತ್ತಾರೆ, ಉಸಿರು ಹೇಗೆ ಬಿಡಬೇಕು ಹೇಳುತ್ತಾರೆ, ಧೈರ್ಯ ತುಂಬುತ್ತಾರೆ. ಒಳಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ. ಮಿಡ್‌ವೈಫ್ ಅಂದರೆ ನರ್ಸಿಂಗ್ ಓದಿ ಮೇಲೆ ಹೆರಿಗೆಯ ತರಬೇತಿ ಪಡೆದವರು. ಕೇಂದ್ರ ಸರ್ಕಾರ 2018ರಲ್ಲಿ ಇದಕ್ಕೆ 18 ತಿಂಗಳ ತರಬೇತಿ ಅಂತ ಗೊತ್ತು ಮಾಡಿತು. ಎಲ್ಲ ಊರಿಗೂ ಅವರು ಇನ್ನೂ ಬಂದಿಲ್ಲ.

ಜೊತೆಗೆ ಒಬ್ಬರು ಬಿಡದೆ ಇದ್ದರೆ ಆಪರೇಷನ್ ಕಡಿಮೆ, ನೋವಿನ ಹೊತ್ತೂ ಸ್ವಲ್ಪ ಕಡಿಮೆ. ಇದು ಅಧ್ಯಯನಗಳಲ್ಲೂ ಕಂಡಿದೆ, ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ ಆ ಒಬ್ಬರು ದುಡ್ಡು ಕೊಟ್ಟು ಕರೆತಂದವರೇ ಆಗಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಮನೆಯ ಒಬ್ಬ ಹೆಂಗಸನ್ನು ಬಿಡಬಹುದು ಅಂತ 2016ರಲ್ಲೇ ಸೂಚನೆ ಬಂದಿದೆ. ತಾನೂ ಹೆತ್ತವಳು, ಗಾಬರಿ ಬೀಳದವಳು, ನಿಮ್ಮ ಮೇಲೆ ರೇಗದವಳು. ಅಂಥ ಒಬ್ಬರನ್ನು ಹುಡುಕಿ. ಚಿಕ್ಕಮ್ಮ, ನಾದಿನಿ, ಪಕ್ಕದ ಮನೆಯವರು, ಯಾರಾದರೂ ಸರಿ.

ಸಿರಾ ಗೇಟ್
ಇಲ್ಲೇ ಇರುವುದು ಗೋಳು. ನಾನು ಹೆತ್ತ ಪ್ರೈವೇಟ್ ಆಸ್ಪತ್ರೆಯಲ್ಲಿ ನನ್ನ ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ನಾನೊಬ್ಬಳೇ. ಫ್ಯಾನ್ ತಿರುಗುವುದನ್ನು ನೋಡುತ್ತಾ ಮಲಗಿದ್ದೆ. ಅಮ್ಮ ಹೊರಗಿನ ಬೆಂಚಿನಲ್ಲಿ ಕೂತು ನನ್ನ ಕೂಗು ಕೇಳಿಸಿಕೊಂಡು ಅಳುತ್ತಿದ್ದಳಂತೆ. ಮೊದಲೇ ಕೇಳಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ. ನೀವು ಏಳನೇ ತಿಂಗಳಿಗೆ ಮುಂಚೆ ಕೇಳಿ: ಜೊತೆಗೆ ಒಬ್ಬರನ್ನು ಬಿಡುತ್ತೀರಾ ಇಲ್ಲವಾ?

ಲೇಬರ್ ವಾರ್ಡ್ ಸಿಸ್ಟರ್
ಹೌದು. ಅದರ ಜೊತೆಗೆ ಇನ್ನಷ್ಟು ಕೇಳಿ. ರಾತ್ರಿ ಎರಡು ಗಂಟೆಗೆ ಬಂದರೆ ಡಾಕ್ಟರ್ ಎಷ್ಟು ನಿಮಿಷದಲ್ಲಿ ಬರುತ್ತಾರೆ? ಅರಿವಳಿಕೆ ಡಾಕ್ಟರ್, ಮಕ್ಕಳ ಡಾಕ್ಟರ್ ಕರೆದ ತಕ್ಷಣ ಸಿಗುತ್ತಾರಾ? ರಕ್ತ ಎಲ್ಲಿಂದ ತರುತ್ತೀರಿ? ಮಗುವಿಗೆ ತೊಂದರೆಯಾದರೆ ಎಲ್ಲಿಗೆ ಕಳಿಸುತ್ತೀರಿ? ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹುಳಿಯಾರು ಮಗಳು
ರಕ್ತದ ಗುಂಪು ಗೊತ್ತಾ? ನನ್ನದು ಓ ನೆಗೆಟಿವ್. ಗಂಡ ಪಾಸಿಟಿವ್ ಇದ್ದರೆ 28 ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಬೇಕು. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಮತ್ತೊಂದು.

ಬಟವಾಡಿ ಹುಡುಗಿ
ಬಿ ಪಾಸಿಟಿವ್ ಅಕ್ಕ. ಒಂದು ಚಿಂತೆ ಕಳೆಯಿತು.

ಕುಣಿಗಲ್ ಕೆರೆ
ಮೊದಲ ಹೆರಿಗೆಗೆ ಸರ್ಕಾರದಿಂದ 5,000 ರೂಪಾಯಿ ಬರುತ್ತದೆ, ಮಾತೃವಂದನಾ ಯೋಜನೆ. ಅರ್ಜಿ ಹಾಕಿ.

ಎಸ್.ಎಸ್.ಪುರಂ ಅಪ್ಪ
ಅವರಿಗೆ ಬರಲ್ಲ. ಕಂಪನಿಯಿಂದ ಸಂಬಳದ ಹೆರಿಗೆ ರಜೆ ಸಿಗುವವರಿಗೆ ಆ ಯೋಜನೆ ಇಲ್ಲ. ಬದಲಿಗೆ ರಜೆಯನ್ನೇ ಪೂರ್ತಿ ತಗೊಳ್ಳಿ. ಕಳೆದ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ, ಸಂಬಳ ಸಮೇತ. 2017ಕ್ಕೆ ಮುಂಚೆ 12 ವಾರ ಇತ್ತು. ಇದರಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ತಗೊಳ್ಳಬಹುದು. ಆದರೆ ಆದಷ್ಟು ಆಮೇಲಕ್ಕೆ ಉಳಿಸಿಕೊಳ್ಳಿ ಅನ್ನುವುದು ನನ್ನ ಮಾತು. ಅರ್ಜಿ ಬರೆದು ಕೊಟ್ಟು, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ.

ನಿಮ್ಮವರಿಗೂ ಒಂದು ಮಾತು. ನಮಗೆ ಖಾಸಗಿ ಕಂಪನಿಯಲ್ಲಿ ಅಪ್ಪಂದಿರ ರಜೆ ಅಂತ ಕಾನೂನಿಲ್ಲ. ನಾನು ಒಂದು ವರ್ಷದ ರಜೆ ಎಲ್ಲ ಕೂಡಿಸಿ ಇಪ್ಪತ್ತು ದಿನ ಮನೆಯಲ್ಲಿದ್ದೆ. ಬಟ್ಟೆ ಒಗೆದೆ, ಬಿಸಿನೀರು ಕಾಯಿಸಿದೆ, ನೆಂಟರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದೆ. ಕೊನೆಯದ್ದಕ್ಕೇ ಹೆಂಡತಿ ಜಾಸ್ತಿ ಖುಷಿಪಟ್ಟಿದ್ದು.

ಮಧುಗಿರಿ ಬೆಟ್ಟ
ಹಾಲಿನ ವಿಷಯ ಯಾರೂ ಹೇಳಲಿಲ್ಲ. ನನಗೆ ಮೂರನೇ ರಾತ್ರಿ ಎದೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಮಗು ಬಾಯಿ ಹಾಕುತ್ತದೆ, ಜಾರುತ್ತದೆ, ಕಿರುಚುತ್ತದೆ. ಮನೆಯಲ್ಲಿ ಎಲ್ಲರೂ "ಹಾಲೇ ಇಲ್ಲ, ಪೌಡರ್ ತರಿಸಿ" ಅಂದರು. ಬೆಳಿಗ್ಗೆ ನಮ್ಮ ಪಿ.ಎಚ್.ಸಿ. ಸಿಸ್ಟರ್ ಬಂದರು. ಮೊದಲು ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು, ಕೈಯಲ್ಲೇ ಸ್ವಲ್ಪ ಹಾಲು ಹಿಂಡಿ ತೊಟ್ಟಿನ ಸುತ್ತ ಮೆತ್ತಗೆ ಮಾಡಿದರು. ಆಮೇಲೆ ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿದರು. ಮೇಲಿನ ತುಟಿಗೆ ತೊಟ್ಟು ಸವರಿದರು. "ಕಾಯಿ, ಕಾಯಿ, ಆಕಳಿಸುವಷ್ಟು ಬಾಯಿ ತೆಗೀಲಿ" ಅಂದರು. ತೆಗೆದ ತಕ್ಷಣ ಮಗುವನ್ನು ಎದೆಗೆ ಒತ್ತಿದರು. ಗುಟುಕ್ ಗುಟುಕ್ ಸದ್ದು ಕೇಳಿಸಿತು. ಐದು ನಿಮಿಷದ ಕೆಲಸ. ಮೂರು ರಾತ್ರಿ ಅತ್ತಿದ್ದೆ ನಾನು.

ಈ ಒಬ್ಬರು ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ದೊಡ್ಡ ಹೆಸರಿನ ಕನ್ಸಲ್ಟೆಂಟ್ ಬೇಡ. ಹತ್ತಿರ ಕೂತು ಕೈಯಾರೆ ತೋರಿಸುವವರು ಬೇಕು.

ತಿಪಟೂರು ಅಕ್ಕ
ಗಿಣ್ಣು ಹಾಲು ಹಿಂಡಿ ಚೆಲ್ಲಬೇಡಿ, ಅದನ್ನೇ ಮೊದಲು ಕುಡಿಸಿ. ಹುಟ್ಟಿದ ಒಂದು ಗಂಟೆಯೊಳಗೆ. ಜೇನುತುಪ್ಪ, ಬಜೆ, ಹರಳೆಣ್ಣೆ ಏನೂ ನೆಕ್ಕಿಸಬೇಡಿ.

ಕುಣಿಗಲ್ ಕೆರೆ
ಜೇನುತುಪ್ಪ ನೆಕ್ಕಿಸಿದ್ದಕ್ಕೆ ನಾವೆಲ್ಲ ಸತ್ತು ಹೋದ್ವಾ?

ಲೇಬರ್ ವಾರ್ಡ್ ಸಿಸ್ಟರ್
ಬದುಕಿ ಉಳಿದವರು ಮಾತ್ರ ಮಾತಾಡುತ್ತಿದ್ದೀವಿ ಸರ್. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ. ಒಂದು ವರ್ಷ ತುಂಬುವವರೆಗೆ ಬೇಡ. ಇದರಲ್ಲಿ ವಾದ ಬೇಡ.

ಹುಳಿಯಾರು ಮಗಳು
ನೀರು ಹಾಕೋ ಅಜ್ಜಿ ಬಗ್ಗೆ. ನಮ್ಮ ಮನೆಗೆ ಬರುತ್ತಿದ್ದ ಅಜ್ಜಿ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕೂರುತ್ತಿದ್ದರು. ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಿದ್ದರು. ಮಗುವನ್ನು ಕಣಕಾಲ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ತೀಡುವಾಗ ಮಗು ಅಳು ನಿಲ್ಲಿಸಿ ಸುಮ್ಮನಾಗುತ್ತಿತ್ತು. ಆ ಕೈ ಎಲ್ಲರಿಗೂ ಬರುವುದಿಲ್ಲ. ಆದರೆ ಎರಡನೇ ದಿನ ಮೂಗಿಗೆ ಎಣ್ಣೆ ಬಿಡೋಕೆ ಬಂದರು, ಮಗುವಿನ ಎದೆ ಹಿಂಡೋಕೆ ಹೋದರು. "ಅಜ್ಜಿ, ಅದೊಂದು ಬೇಡ, ಡಾಕ್ಟರ್ ಬೈತಾರೆ" ಅಂದೆ. ಬಿಟ್ಟರು. ನೀವೂ ಮೊದಲ ದಿನವೇ ಹೇಳಿಬಿಡಿ, ಅವರಿಗೂ ಬೇಜಾರಾಗಲ್ಲ.

ಸಿರಾ ಗೇಟ್
ಕೆಂಡದ ಬಗ್ಗೆಯೂ ಹೇಳಿ. ನಮ್ಮ ಸಂಬಂಧಿಕರ ಮನೆಯಲ್ಲಿ ಚಳಿಗಾಲ ಅಂತ ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟು ಕಿಟಕಿ ಎಲ್ಲ ಮುಚ್ಚಿದ್ದರು. ಬಾಣಂತಿಗೆ ತಲೆ ಸುತ್ತಿ ವಾಂತಿ. ಯಾರೋ ಬಾಗಿಲು ತೆಗೆದಿದ್ದಕ್ಕೆ ಇಬ್ಬರೂ ಉಳಿದರು. ಇದ್ದಿಲು ಉರಿದಾಗ ಬರುವ ಆ ಗಾಳಿಗೆ ವಾಸನೆ ಇಲ್ಲ, ಗೊತ್ತೇ ಆಗಲ್ಲ.

ತಿಪಟೂರು ಅಕ್ಕ
ಅಂಟಿನುಂಡೆಗೆ ಕೊಬ್ಬರಿ ಬೇಕಾದರೆ ನಮ್ಮೂರದ್ದೇ ತರಿಸಿಕೋ. ತುರಿದರೆ ಎಣ್ಣೆ ಜಿನುಗಬೇಕು, ಅದು ಒಳ್ಳೆ ಕೊಬ್ಬರಿ.

ಮಧುಗಿರಿ ಬೆಟ್ಟ
ಬಾಣಂತಿಗೆ ನೀರು ಕೊಡಬಾರದು ಅನ್ನೋರ ಮಾತು ಮಾತ್ರ ಕೇಳಬೇಡಿ. ಹಾಲು ಕುಡಿಸೋಳಿಗೆ ನೀರಿಲ್ಲ ಅಂದರೆ ಹೇಗೆ? ಸೊಪ್ಪು, ಹಣ್ಣು, ಮೊಟ್ಟೆ ಎಲ್ಲ ತಿನ್ನಿ. ಕಬ್ಬಿಣದ ಮಾತ್ರೆ ಹೆರಿಗೆ ಆದ ಮೇಲೂ 180 ದಿನ. ಕ್ಯಾಲ್ಸಿಯಂ ಮಾತ್ರೆ ಜೊತೆ, ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತಲ್ಲ.

ಗುಬ್ಬಿ ಗೇಟ್ ಅಮ್ಮ
ಇಷ್ಟು ಹೊತ್ತು ಓದಿದೆ. ಎಲ್ಲರೂ ಹೆರಿಗೆ ಮತ್ತು ಮಗುವಿನ ಬಗ್ಗೆ ಹೇಳಿದಿರಿ. ನಾನು ತಾಯಿಯ ಬಗ್ಗೆ ಹೇಳಬೇಕು.

ನನ್ನದು ನಾರ್ಮಲ್ ಹೆರಿಗೆ, ಮೂರನೇ ದಿನ ಮನೆಗೆ ಬಂದೆ. ಆರನೇ ದಿನ ತಲೆನೋವು ಶುರುವಾಯಿತು. ಮನೆಯಲ್ಲಿ "ಶೀತ ಆಗಿದೆ, ಕಿವಿಗೆ ಹತ್ತಿ ಇಟ್ಟುಕೋ" ಅಂದರು. ಇಟ್ಟುಕೊಂಡೆ. ಸಂಜೆಗೆ ಗೋಡೆ ಗಡಿಯಾರದ ಮುಳ್ಳು ಎರಡೆರಡು ಕಾಣಿಸಿತು. ನನ್ನ ಪುಣ್ಯ, ಓರಗಿತ್ತಿ ನರ್ಸಿಂಗ್ ಓದುತ್ತಿದ್ದಳು. ಬಿ.ಪಿ. ನೋಡಿದಳು, 170 ಮೇಲೆ 110. ಬಸುರಿಯಾಗಿದ್ದಾಗ ಒಂದು ದಿನವೂ ಬಿ.ಪಿ. ಇರಲಿಲ್ಲ ನನಗೆ. 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತು ಅಂದರು ಡಾಕ್ಟರ್.

ಆ ಆರು ದಿನ ಮಗುವನ್ನು ನೋಡೋಕೆ ಮೂವತ್ತು ಜನ ಬಂದಿದ್ದರು. ಒಬ್ಬರೂ ನನ್ನ ಬಿ.ಪಿ. ನೋಡಿರಲಿಲ್ಲ.

ಲೇಬರ್ ವಾರ್ಡ್ ಸಿಸ್ಟರ್
ಇದನ್ನು ಎಲ್ಲರೂ ಎರಡು ಸಲ ಓದಿ. ಹೆರಿಗೆ ಆದ ಮೇಲೂ ಬಿ.ಪಿ. ಏರಬಹುದು, ಮೂರರಿಂದ ಆರನೇ ದಿನ ಜಾಸ್ತಿ. ತೀರದ ತಲೆನೋವು, ಕಣ್ಣು ಮಂಜು, ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ, ಚಳಿಜ್ವರ, ಕೆಟ್ಟ ವಾಸನೆ, ಒಂದೇ ಕಾಲು ಊದಿ ನೋವು, ಉಸಿರು ಕಟ್ಟುವುದು. ಇದರಲ್ಲಿ ಯಾವುದು ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. ಬಾಣಂತನಕ್ಕೆ ಯಾರೇ ಬರಲಿ, ಈ ಸಾಲುಗಳನ್ನು ಅವರಿಗೆ ಬಾಯಿಪಾಠ ಮಾಡಿಸಿ.

ಹೆಗ್ಗೆರೆ ಫಿಸಿಯೋ
ಸೀನಿದರೆ, ಕೆಮ್ಮಿದರೆ ಮೂತ್ರ ಜಿನುಗುವುದು ಬಾಣಂತಿಯರಲ್ಲಿ ತುಂಬಾ ಇದೆ, ಹೇಳಿಕೊಳ್ಳುವವರು ಕಡಿಮೆ. ಹೊಟ್ಟೆ ಬಿಗಿದು ಕಟ್ಟಿದರೆ ಹೋಗುವುದಿಲ್ಲ. ಕೆಳಗಿನ ಸ್ನಾಯುಗಳಿಗೆ ವ್ಯಾಯಾಮ ಇದೆ. ಆರು ವಾರದ ಚೆಕಪ್‌ನಲ್ಲಿ ನಾಚಿಕೆ ಬಿಟ್ಟು ಕೇಳಿ.

ಹೆಸರು ಬೇಡ
ಇನ್ನೊಂದು. ನನಗೆ ಮಗು ಹುಟ್ಟಿ ಮೂರು ವಾರ ಆದರೂ ಅಳು ನಿಲ್ಲಲಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ಈ ಮಗುವಿಗೆ ನಾನು ತಕ್ಕವಳಲ್ಲ ಅಂತ ಅನಿಸುತ್ತಿತ್ತು. ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಕೊನೆಗೆ ನನ್ನ ಗಂಡನೇ 14416ಕ್ಕೆ ಫೋನ್ ಮಾಡಿದ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಡಾಕ್ಟರ್ ಹತ್ತಿರ ಹೋದೆ, ಹಾಲು ಕುಡಿಸುತ್ತಲೇ ಮಾತ್ರೆ ತಗೊಂಡೆ, ಗುಣವಾಯಿತು. ತೀರಾ ಜಾಸ್ತಿಯಾದರೆ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ ಇದೆ. ಮೊದಲ ವಾರದ ಅಳು ತುಂಬಾ ಜನರಿಗೆ ಬರುತ್ತದೆ. ಎರಡು ವಾರ ದಾಟಿದರೆ ಸುಮ್ನೆ ಇರಬೇಡಿ.

ಬಟವಾಡಿ ಹುಡುಗಿ
ನಿಮಗೆ ಏನು ಹೇಳಲಿ ಅಕ್ಕ. ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ.

*ಹನ್ನೊಂದು ದಿನದ ನಂತರ*

ಬಟವಾಡಿ ಹುಡುಗಿ
ಎಲ್ಲಿಗೆ ಬಂತು ಅಂತ ಹೇಳುತ್ತೇನೆ. ತಾಯಿ ಕಾರ್ಡ್ ಆಯಿತು. ನಮ್ಮ ಆಶಾ ಅಕ್ಕ ಇರುವುದು ಎರಡೇ ಬೀದಿ ಆಚೆ! ನನ್ನ ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬ ಹೆಂಗಸನ್ನು ಬಿಡುತ್ತಾರಂತೆ, ಡಾಕ್ಟರ್ ಫೈಲಿನಲ್ಲೇ ಬರೆದುಕೊಂಡರು. ಮಧುಗಿರಿಯಿಂದ ಚಿಕ್ಕಮ್ಮ ಬರುತ್ತಾರೆ. ಹೆರಿಗೆಗೂ ಅವರೇ, ಆಮೇಲೆ ಎರಡು ತಿಂಗಳೂ ಅವರೇ. ಡೌಲಾ ಬೇಡ ಅಂತ ನಿರ್ಧಾರ ಮಾಡಿದೆ. ಆ ದುಡ್ಡಲ್ಲಿ ಅಡುಗೆಗೆ, ಬಟ್ಟೆಗೆ ಒಬ್ಬರನ್ನು ಮೂರು ತಿಂಗಳು ಇಟ್ಟುಕೊಳ್ಳಬಹುದು. ನೀರು ಹಾಕೋಕೆ ಮರಳೂರು ದಿಣ್ಣೆಯ ಒಬ್ಬ ಅಜ್ಜಿ ಒಪ್ಪಿದ್ದಾರೆ. ಮೂಗಿನ ಎಣ್ಣೆ ವಿಷಯ ಮೊದಲೇ ಹೇಳಿದ್ದೇನೆ.

ಅತ್ತೆಗೆ ಫೋನ್ ಮಾಡಿ, ನೀವು ಕಷ್ಟಪಟ್ಟು ಬರೋದು ಬೇಡ ಅಂದೆ. "ನಂಗೆ ನಿಲ್ಲೋಕಾಗಲ್ಲ, ಕೂರೋಕಾಗುತ್ತೆ. ರಾತ್ರಿ ಮಗು ನನ್ನ ತೊಡೆ ಮೇಲಿರಲಿ, ನೀನು ಮಲಕ್ಕೋ" ಅಂದರು. ಫೋನ್ ಇಟ್ಟು ತುಂಬಾ ಹೊತ್ತು ಅಳುತ್ತಾ ಕೂತಿದ್ದೆ ನಾನು.

ಸಿಸ್ಟರ್ ಬರೆದ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಡ್ಜ್‌ಗೆ ಅಂಟಿಸಿದ್ದೇನೆ. ಕೆಳಗೆ ಡಾಕ್ಟರ್, ಆಶಾ, ಆಟೋ ಅಣ್ಣ, 108, 14416 ನಂಬರ್. ಮನೆಗೆ ಒಂದು ಬಿ.ಪಿ. ಮಷಿನ್ ತಗೊಳ್ಳೋಣ ಅಂತ ಇದ್ದೇವೆ. ಯಾವುದು ತಗೊಳ್ಳಲಿ?

ಲೇಬರ್ ವಾರ್ಡ್ ಸಿಸ್ಟರ್
ತೋಳಿಗೆ ಕಟ್ಟುವುದು ತಗೊಳ್ಳಿ, ಮಣಿಕಟ್ಟಿಂದು ಬೇಡ. ಅಂಗಡಿಯಲ್ಲೇ ಒಂದು ಸಲ ಸುತ್ತಿ ನೋಡಿ, ಪಟ್ಟಿ ನಿಮ್ಮ ತೋಳಿಗೆ ಸರಿಯಾಗಿ ಕೂರಬೇಕು. ಮುಂದಿನ ಚೆಕಪ್‌ಗೆ ಹೋಗುವಾಗ ಜೊತೆಗೆ ಒಯ್ಯಿರಿ, ಅಲ್ಲಿನ ಮಷಿನ್ ಜೊತೆ ತಾಳೆ ನೋಡಿಕೊಡುತ್ತಾರೆ. ಚಿಕ್ಕಮ್ಮನಿಗೂ ಈಗಲೇ ಕಟ್ಟೋದು ಕಲಿಸಿ.

ಗುಬ್ಬಿ ಗೇಟ್ ಅಮ್ಮ
ಅತ್ತೆಗೂ ಕಲಿಸಿ. ಕೂತೇ ಮಾಡುವ ಕೆಲಸ ಅದು.